ಎಎಸ್/400ಕ್ಕೆ ಎಕ್ಸೆಲ್, ಆ್ಯಕ್ಸೆಸ್ ಮತ್ತು ಸ್ವಂತ ಪ್ರೋಗ್ರಾಮುಗಳನ್ನು ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಡಿಪೋ, ಗೋದಾಮು, ಲೆಕ್ಕಪತ್ರ ವಿಭಾಗಗಳಲ್ಲಿ ಕುಳಿತು, ಎಲ್ಲೋ ದೂರದ ಪ್ರಧಾನ ಕಚೇರಿಯಲ್ಲಿರುವ ಎಎಸ್/400 ಎಂಬ ಐಬಿಎಂ ಸರ್ವರಿನಿಂದ ಮಾಹಿತಿ ತೆಗೆಯಬೇಕಾದವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳೆಲ್ಲ ಒಂದು ಕಲ್ಪಿತ ಅಡಿಕೆ ಖರೀದಿ ಸಂಸ್ಥೆಯವು: ಪ್ರಧಾನ ಕಚೇರಿ ಮಂಗಳೂರಿನಲ್ಲಿ, ಡಿಪೋಗಳು ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಿ. ಕಮಾಂಡುಗಳನ್ನೂ ದೋಷದ ಸಂಕೇತಗಳನ್ನೂ ಉಚ್ಚಾರವಿದ್ದಂತೆ ಬರೆದಿದ್ದೇನೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಬರೀ 'ಆ್ಯಕ್ಸೆಸ್' ಎಂದಿರುವಲ್ಲೆಲ್ಲ ಅದು ಮೈಕ್ರೋಸಾಫ್ಟ್ ಆ್ಯಕ್ಸೆಸ್; ಐಬಿಎಂನದನ್ನು ಪೂರ್ತಿ ಹೆಸರಿನಿಂದ ಕರೆದಿದ್ದೇನೆ.

ಹಿರಿಯರು ಎಎಸ್/400 ಎನ್ನುತ್ತಾರೆ, ಬಿಲ್ಲಿನಲ್ಲಿ ಪವರ್ ಸಿಸ್ಟಮ್ ಎಂದಿದೆ. ಯಾವುದು ಸರಿ?

ಎರಡೂ ಸರಿ. ಐಬಿಎಂ 1988ರ ಜೂನ್‌ನಲ್ಲಿ ಎಎಸ್/400 ಅನ್ನು ಪ್ರಕಟಿಸಿತು. 2000ದಲ್ಲಿ ಅದು ಐಸೀರೀಸ್ ಆಯಿತು, ಆಮೇಲೆ ಸಿಸ್ಟಮ್ ಐ ಆಯಿತು. 2008ರಲ್ಲಿ ಯಂತ್ರಕ್ಕೆ ಪವರ್ ಸಿಸ್ಟಮ್ಸ್ ಎಂಬ ಹೆಸರು ಬಂತು, ಅದರ ಮೇಲಿನ ಆಪರೇಟಿಂಗ್ ಸಿಸ್ಟಮ್ ಹೆಸರು ಐಬಿಎಂ ಐ. ನಿಮ್ಮ ಕಂಪ್ಯೂಟರನ್ನು ಸರ್ವರಿಗೆ ಜೋಡಿಸುವ ಡ್ರೈವರುಗಳ ಹೆಸರೂ ಜತೆಜತೆಗೆ ಬದಲಾಗಿದೆ: ಕ್ಲೈಂಟ್ ಆ್ಯಕ್ಸೆಸ್, ಐಸೀರೀಸ್ ಆ್ಯಕ್ಸೆಸ್, ಈಗ ಐಬಿಎಂ ಐ ಆ್ಯಕ್ಸೆಸ್. ಪರಿಹಾರ ಹುಡುಕುವಾಗ ಈ ಎಲ್ಲ ಹೆಸರುಗಳಲ್ಲಿಯೂ ಹುಡುಕಿ; ಒಳ್ಳೆಯ ಉತ್ತರಗಳಲ್ಲಿ ಹೆಚ್ಚಿನವು ಹಳೆಯ ಹೆಸರಿನಡಿಯಲ್ಲಿಯೇ ಇವೆ.

ಡಿಬಿ2 ಡೇಟಾಬೇಸ್ ಈ ಆಪರೇಟಿಂಗ್ ಸಿಸ್ಟಮಿನ ಒಳಗೇ ಇದೆ. ನಿಮ್ಮ ಆರ್‌ಪಿಜಿ (ಈ ಯಂತ್ರದ ಹಳೆಯ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಮು ಮೂವತ್ತು ವರ್ಷಗಳಿಂದ ಬಳಸುತ್ತಿರುವ ಫೈಲೇ, ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಕಣ್ಣಿಗೆ ಟೇಬಲ್ ಆಗಿ ಕಾಣುತ್ತದೆ. ಆದ್ದರಿಂದ "ಡೇಟಾವನ್ನು ಬೇರೆ ಡೇಟಾಬೇಸಿಗೆ ಸಾಗಿಸಿದರೆ ಮಾತ್ರ ಎಕ್ಸೆಲ್ ಜೋಡಿಸಬಹುದು" ಎಂದು ಯಾರಾದರೂ ಮಾರಾಟಗಾರರು ಹೇಳಿದರೆ ಚಹಾ ಕೊಟ್ಟು ಕಳುಹಿಸಿ.

ಜೋಡಣೆ ಎಂದರೆ ಒಳಗೆ ನಡೆಯುವುದಾದರೂ ಏನು?

ಇದೊಂದನ್ನು ತಿಳಿದುಕೊಂಡರೆ ಮುಂದಿನ ಅರ್ಧದಷ್ಟು ಪ್ರಶ್ನೆಗಳು ಬೇಕಾಗುವುದೇ ಇಲ್ಲ. ಬದಿಯಡ್ಕದ ಕಂಪ್ಯೂಟರಿನಲ್ಲಿ ಎಕ್ಸೆಲ್ 'ರಿಫ್ರೆಶ್' ಒತ್ತಿದಾಗ ಅದು ಓಡಿಬಿಸಿ ಡ್ರೈವರನ್ನು, ಅಂದರೆ ಡೇಟಾಬೇಸ್ ಜತೆ ಮಾತನಾಡುವ ಮಧ್ಯವರ್ತಿ ತಂತ್ರಾಂಶವನ್ನು, ಕರೆಯುತ್ತದೆ. ಡ್ರೈವರು ಮೊದಲು ಸರ್ವರಿನ 449ನೇ ಪೋರ್ಟಿಗೆ (ಸಂಖ್ಯೆ ಹೊತ್ತ ಬಾಗಿಲಿಗೆ) ಹೋಗಿ, ಯಾವ ಸೇವೆ ಎಲ್ಲಿದೆ ಎಂದು ವಿಚಾರಿಸುತ್ತದೆ. ನಂತರ 8476ರಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಪರಿಶೀಲನೆ. ಆಮೇಲೆ 8471ರಲ್ಲಿರುವ ಡೇಟಾಬೇಸ್ ಸೇವೆಗೆ ನಿಮ್ಮ ಎಸ್‌ಕ್ಯೂಎಲ್ ತಲುಪುತ್ತದೆ. ಪ್ರೋಗ್ರಾಮುಗಳನ್ನೋ ಕಮಾಂಡುಗಳನ್ನೋ ನೇರವಾಗಿ ಕರೆಯುವವರಿಗೆ 8475, ಡೇಟಾ ಕ್ಯೂ (ಪ್ರೋಗ್ರಾಮುಗಳ ನಡುವೆ ಮಾಹಿತಿ ಸರದಿಯಲ್ಲಿ ಕಾಯುವ ಜಾಗ) ಬಳಸುವವರಿಗೆ 8472. ಇವೇ ಸೇವೆಗಳು ಗೂಢಲಿಪಿಯಲ್ಲಿ ಬೇಕಾದರೆ 9470ರಿಂದ 9476ರ ಸಾಲಿನಲ್ಲಿವೆ.

ಸರ್ವರಿನ ಒಳಗೆ ನಿಮ್ಮ ಪರವಾಗಿ ದುಡಿಯುವುದು 'ಕ್ಯೂಝಡ್‌ಡಿಎಎಸ್‌ಒಇನಿಟ್' ಎಂಬ ಜಾಬ್, ಅಂದರೆ ಸರ್ವರು ಓಡಿಸುವ ಒಂದು ಕೆಲಸ. ಇಂಥ ಜಾಬುಗಳು ಮೊದಲೇ ಎದ್ದು ಕಾಯುತ್ತಿರುತ್ತವೆ; ನೀವು ಬಂದಾಗ ಒಂದು ನಿಮ್ಮ ಕೈಗೆ ಸಿಗುತ್ತದೆ, ಹೋದಾಗ ಇನ್ನೊಬ್ಬರಿಗೆ ಸಿದ್ಧವಾಗುತ್ತದೆ. ಹಸಿರು ಪರದೆಯಲ್ಲಿ, ಅಂದರೆ ಎಎಸ್/400ನ ಅಕ್ಷರಗಳಷ್ಟೇ ಇರುವ ಹಳೆಯ ಪರದೆಯಲ್ಲಿ, ಲಾಗಿನ್ ಆದಾಗ ಸಿಗುವ ಜಾಬ್ ಬೇರೆ, ಇದು ಬೇರೆ. ಅಲ್ಲಿ ಮೆನು ತೆರೆಯುವ ಮೊದಲು ನಡೆಯುವ ತಯಾರಿ ಪ್ರೋಗ್ರಾಮು ಇಲ್ಲಿ ನಡೆಯುವುದಿಲ್ಲ. "ಹಸಿರು ಪರದೆಯಲ್ಲಿ ಬರುತ್ತದೆ, ಎಕ್ಸೆಲ್‌ನಲ್ಲಿ ಬರುವುದಿಲ್ಲ" ಎಂಬ ದೂರುಗಳ ಮೂಲ ಬಹುಪಾಲು ಇಲ್ಲೇ ಇದೆ.

ಯಾವ ಸಾಫ್ಟ್‌ವೇರ್ ಹಾಕಬೇಕು?

ಐಬಿಎಂ ಐ ಆ್ಯಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್. ಇದರ ಮುಖ್ಯ ಭಾಗ ಜಾವಾದಲ್ಲಿದೆ. ಹಸಿರು ಪರದೆ, ಡೇಟಾ ವರ್ಗಾವಣೆ, ಎಸ್‌ಕ್ಯೂಎಲ್ ಬರೆಯುವ ಕಿಟಕಿ ಎಲ್ಲ ಅದರೊಳಗೆ ಇವೆ. ಆದರೆ ಓಡಿಬಿಸಿ ಡ್ರೈವರ್ ಅದರಲ್ಲಿಲ್ಲ. ಅದಕ್ಕೆ 'ವಿಂಡೋಸ್ ಅಪ್ಲಿಕೇಶನ್ ಪ್ಯಾಕೇಜ್' ಎಂಬ ಇನ್ನೊಂದು ಕಂತನ್ನು ಪ್ರತ್ಯೇಕವಾಗಿ ಹಾಕಬೇಕು. ಹಸಿರು ಪರದೆ ಬಂದ ಕೂಡಲೇ ಎಲ್ಲ ಮುಗಿಯಿತೆಂದು ಹೊರಟುಹೋಗುವ ತಂತ್ರಜ್ಞರಿಂದಾಗಿ ಎಷ್ಟೋ ಕಡೆ ಈ ಎರಡನೆಯ ಕಂತು ಬಾಕಿ ಉಳಿದಿರುತ್ತದೆ.

ಹಳೆಯ 'ಐಬಿಎಂ ಐ ಆ್ಯಕ್ಸೆಸ್ ಫಾರ್ ವಿಂಡೋಸ್' ಇನ್ನೂ ಓಡುತ್ತಿದ್ದರೆ ತೆಗೆಯಿರಿ. ಅದಕ್ಕೆ ಐಬಿಎಂ ಬೆಂಬಲ 2019ರ ಏಪ್ರಿಲ್‌ನಲ್ಲಿ ನಿಂತುಹೋಗಿದೆ.

ಡೇಟಾ ಸೋರ್ಸ್ (ಸರ್ವರಿಗೆ ಜೋಡಿಸುವ ವಿವರಗಳ ನಮೂದು) ಮಾಡಿದ್ದೇನೆ, ಪರೀಕ್ಷೆಯೂ ಸರಿಯಾಯಿತು. ಎಕ್ಸೆಲ್ ಮಾತ್ರ "ಸಿಗುತ್ತಿಲ್ಲ" ಎನ್ನುತ್ತದೆ.

32 ಬಿಟ್, 64 ಬಿಟ್ ಗೊಂದಲ. 64 ಬಿಟ್ ವಿಂಡೋಸ್‌ನಲ್ಲಿ ಓಡಿಬಿಸಿ ನಿರ್ವಹಣೆಯ ಕಿಟಕಿಗಳು ಎರಡಿವೆ, ಎರಡರ ಫೈಲ್ ಹೆಸರೂ ಒಂದೇ. ತಮಾಷೆ ಎಂದರೆ 'ಸಿಸ್ಟಮ್32' ಫೋಲ್ಡರಿನಲ್ಲಿರುವುದು 64 ಬಿಟ್‌ನದು, 'ಸಿಸ್‌ವಾವ್64' ಫೋಲ್ಡರಿನಲ್ಲಿರುವುದು 32 ಬಿಟ್‌ನದು. ನಿಮ್ಮ ಆಫೀಸ್ 32 ಬಿಟ್ ಆಗಿದ್ದರೆ 32ರ ಕಿಟಕಿಯಲ್ಲಿಯೇ ಡೇಟಾ ಸೋರ್ಸ್ ಮಾಡಬೇಕು. ವಿಂಡೋಸ್ ಎಷ್ಟು ಬಿಟ್‌ನದು ಎಂಬುದಲ್ಲ, ಎಕ್ಸೆಲ್ ಎಷ್ಟು ಬಿಟ್‌ನದು ಎಂಬುದೇ ಲೆಕ್ಕ.

"ಸಿಡಬ್ಲ್ಯೂಬಿಸಿಒ 1049" ಎಂದು ಬರುತ್ತದೆ.

ಆ ಸೇವೆ ಸರ್ವರಿನಲ್ಲಿ ಎದ್ದಿಲ್ಲ, ಅಥವಾ ನಡುವೆ ಫೈರ್‌ವಾಲ್ ತಡೆಯುತ್ತಿದೆ. ಮಂಗಳೂರಿನ ಕಚೇರಿಯೊಳಗಿನ ಕಂಪ್ಯೂಟರುಗಳಿಂದ ಜೋಡಣೆ ಆಗುತ್ತಿದ್ದು ಡಿಪೋದಿಂದ ಮಾತ್ರ ಆಗದಿದ್ದರೆ ಫೈರ್‌ವಾಲ್. ಹಸಿರು ಪರದೆಗೆ 23 ಅಥವಾ 992 ಪೋರ್ಟ್ ಸಾಕು. ಅದಷ್ಟನ್ನೇ ತೆರೆದು ಕೈತೊಳೆದುಕೊಂಡಿರುತ್ತಾರೆ. 449, 8470, 8471, 8475, 8476 ಇವನ್ನು ಹೆಸರಿಸಿ ಕೇಳಿ. ಎಲ್ಲಿಂದಲೂ ಆಗದಿದ್ದರೆ ಸರ್ವರಿನಲ್ಲಿ 'ಸ್ಟಾರ್ಟ್ ಹೋಸ್ಟ್ ಸರ್ವರ್' ಕಮಾಂಡ್ ಕೊಡಬೇಕು. ಯಂತ್ರವನ್ನು ಮರುಚಾಲನೆ ಮಾಡಿದ ಮರುದಿನ ಬೆಳಿಗ್ಗೆ ಈ ದೋಷ ಬಂದರೆ, ಚಾಲನೆಯ ಪ್ರೋಗ್ರಾಮಿನಲ್ಲಿ ಆ ಕಮಾಂಡ್ ಇಲ್ಲವೆಂದೇ ತಿಳಿಯಿರಿ.

ಪಾಸ್‌ವರ್ಡ್ ಸರಿಯಾಗಿಯೇ ಕೊಡುತ್ತೇನೆ. ಆದರೂ ನನ್ನ ಪ್ರೊಫೈಲ್ (ಸರ್ವರಿನಲ್ಲಿರುವ ನನ್ನ ಬಳಕೆದಾರ ಖಾತೆ) ಮತ್ತೆ ಮತ್ತೆ ನಿಷ್ಕ್ರಿಯವಾಗುತ್ತದೆ.

ಬೆಳಿಗ್ಗೆ ಹಸಿರು ಪರದೆಯಲ್ಲಿ ಪಾಸ್‌ವರ್ಡ್ ಬದಲಿಸಿದ್ದೀರಿ; ಹಿಂದೆಂದೋ ಮಾಡಿದ ಎಕ್ಸೆಲ್ ಹಾಳೆಯೊಳಗೆ ಹಳೆಯ ಪಾಸ್‌ವರ್ಡ್ ಉಳಿದಿದೆ. ಹಾಳೆ ತೆರೆದ ತಕ್ಷಣ ತಾನಾಗಿ ರಿಫ್ರೆಶ್ ಆಗುವಂತೆ ಇಟ್ಟಿದ್ದರೆ, ಅದರಲ್ಲಿರುವ ಒಂದೊಂದು ಕ್ವೆರಿಯೂ (ಡೇಟಾಬೇಸಿಗೆ ಕೇಳುವ ಪ್ರಶ್ನೆಯೂ) ತಪ್ಪು ಪಾಸ್‌ವರ್ಡ್ ಹಿಡಿದು ಬಾಗಿಲು ತಟ್ಟುತ್ತದೆ. ಸರ್ವರಿನಲ್ಲಿ ನಿಗದಿಪಡಿಸಿದ ಮಿತಿ ದಾಟಿತೆಂದರೆ ಪ್ರೊಫೈಲ್ ಮುಚ್ಚಿಹೋಗುತ್ತದೆ. ಹಾಳೆಯಲ್ಲಿ ಪಾಸ್‌ವರ್ಡ್ ಉಳಿಸಬೇಡಿ. ಸಹೋದ್ಯೋಗಿಗೆ ಮೇಲ್ ಮಾಡಿದ ಹಾಳೆಯ ಜತೆ ಅದೂ ಹೋಗುತ್ತದೆ.

"ರಮೇಶ್ ಎಂಬಲ್ಲಿ ಖರೀದಿ ಫೈಲ್ ಸಿಗಲಿಲ್ಲ" ಎಂಬ ದೋಷ. ರಮೇಶ್ ಎಂದರೆ ನಾನೇ! ನನ್ನ ಹೆಸರಿನ ಲೈಬ್ರರಿಯೇ ಇಲ್ಲವಲ್ಲ?

ಇಲ್ಲದ ಕಾರಣಕ್ಕೇ ಸಿಗಲಿಲ್ಲ. ಲೈಬ್ರರಿ ಎಂದರೆ ಈ ಯಂತ್ರದಲ್ಲಿ ಫೈಲುಗಳನ್ನೂ ಪ್ರೋಗ್ರಾಮುಗಳನ್ನೂ ಇಡುವ ಫೋಲ್ಡರಿನಂಥ ಜಾಗ. ಎಸ್‌ಕ್ಯೂಎಲ್ 0204 ಎಂಬ ಈ ದೋಷ ಹೊಸಬರನ್ನು ಬಹಳ ಹೆದರಿಸುತ್ತದೆ. ಡ್ರೈವರಿನಲ್ಲಿ ಹೆಸರಿಸುವ ಪದ್ಧತಿಗಳು ಎರಡು. 'ಎಸ್‌ಕ್ಯೂಎಲ್' ಪದ್ಧತಿಯಲ್ಲಿ ಲೈಬ್ರರಿ ಹೇಳದೆ ಬರೀ ಫೈಲ್ ಹೆಸರು ಕೊಟ್ಟರೆ, ಡೀಫಾಲ್ಟ್ ಲೈಬ್ರರಿ ಯಾವುದೆಂದು ತಿಳಿಸದಿದ್ದಲ್ಲಿ, ಅದು ಬಳಕೆದಾರನ ಹೆಸರಿನದೇ ಲೈಬ್ರರಿಯಲ್ಲಿ ಹುಡುಕುತ್ತದೆ. 'ಸಿಸ್ಟಮ್' ಪದ್ಧತಿಯಲ್ಲಿ ಲೈಬ್ರರಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕುತ್ತದೆ, ಆರ್‌ಪಿಜಿ ಪ್ರೋಗ್ರಾಮು ಹುಡುಕುವ ಹಾಗೆಯೇ.

ನನ್ನ ಮಟ್ಟಿಗೆ ಹೇಳುವುದಾದರೆ, ಓದುವ ಕ್ವೆರಿಗಳಲ್ಲಿ ಲೈಬ್ರರಿಯ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಕ್ಷೇಮ. ಪ್ರೋಗ್ರಾಮು ಕರೆಯುವ ಕಡೆ ಸಿಸ್ಟಮ್ ಪದ್ಧತಿ ಇಟ್ಟು, ಲೈಬ್ರರಿ ಪಟ್ಟಿಯನ್ನು ಡೇಟಾ ಸೋರ್ಸಿನಲ್ಲಿ ತುಂಬಿ. ಅಲ್ಲಿ ಪರೀಕ್ಷಾ ಲೈಬ್ರರಿ ಮೇಲೆ, ನಿಜವಾದ ಲೈಬ್ರರಿ ಕೆಳಗೆ ಬಂದುಬಿಟ್ಟರೆ ಯಾವ ದೋಷವೂ ಕಾಣಿಸುವುದಿಲ್ಲ. ಅಂಕಿಗಳು ಮಾತ್ರ ಹಳೆಯವಾಗಿರುತ್ತವೆ. ದೋಷ ಬರುವುದಕ್ಕಿಂತ ಇದು ಕೆಟ್ಟದ್ದು.

ಕೆಲವು ಕಾಲಂಗಳಲ್ಲಿ ಅಕ್ಷರಗಳ ಬದಲು "ಸಿ1ಸಿ4…" ಎಂಬಂಥ ಏನೇನೋ ಬರುತ್ತದೆ.

ಈ ಯಂತ್ರದ ಅಕ್ಷರಗಳು ಎಬ್‌ಸಿಡಿಕ್ ಸಂಕೇತದಲ್ಲಿವೆ, ವಿಂಡೋಸ್‌ನವು ಬೇರೆ. ಪ್ರತಿ ಕಾಲಂಗೂ ಸಿಸಿಎಸ್‌ಐಡಿ ಎಂಬ ಸಂಖ್ಯೆಯ ಗುರುತು ಇದೆ; ಡ್ರೈವರು ಅದನ್ನು ನೋಡಿ ಪರಿವರ್ತಿಸುತ್ತದೆ. ಆ ಸಂಖ್ಯೆ 65535 ಆಗಿದ್ದರೆ "ಇದು ಅಕ್ಷರವಲ್ಲ, ಮುಟ್ಟಬೇಡ" ಎಂದರ್ಥ. ಹಳೆಯ ಫೈಲುಗಳಲ್ಲಿ ಇದು ಮಾಮೂಲು. ಡ್ರೈವರಿನ 'ಟ್ರಾನ್ಸ್‌ಲೇಶನ್' ಪುಟದಲ್ಲಿ 65535 ಅನ್ನೂ ಅಕ್ಷರವಾಗಿಸು ಎಂಬ ಆಯ್ಕೆ ಇದೆ. ತಾತ್ಕಾಲಿಕಕ್ಕೆ ಅದು ಸಾಕು. ಶಾಶ್ವತ ಪರಿಹಾರವೆಂದರೆ ಫೈಲಿಗೇ ಸರಿಯಾದ ಸಿಸಿಎಸ್‌ಐಡಿ ಕೊಡುವುದು. ಡಿಪೋದವರ ಕೈಯಲ್ಲಿ ಅದಿಲ್ಲ.

ಬೆಳೆಗಾರರ ಹೆಸರನ್ನು ಕನ್ನಡದಲ್ಲಿ, ಮಲಯಾಳದಲ್ಲಿ ಇಡಬಹುದೇ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದ ಕಚೇರಿ ಇಲ್ಲ. ಇಡಬಹುದು, ಆದರೆ ಇರುವ ಕಾಲಂನಲ್ಲಿ ಅಲ್ಲ. ಹಳೆಯ ಹೆಸರಿನ ಕಾಲಂ ಸಾಮಾನ್ಯವಾಗಿ ಸಿಸಿಎಸ್‌ಐಡಿ 37ರಲ್ಲಿರುತ್ತದೆ. ಅದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳಿಗಾಗಿ ಮಾಡಿದ್ದು. ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ. ಆ್ಯಕ್ಸೆಸ್ ಫಾರಂನಿಂದ ಅಲ್ಲಿಗೆ ಕನ್ನಡ ಹೆಸರು ಕಳುಹಿಸಿದರೆ ಪ್ರತಿ ಅಕ್ಷರದ ಬದಲಿಗೆ ಒಂದೇ ಒಂದು 'ಬದಲಿ ಚಿಹ್ನೆ' ಕುಳಿತುಕೊಳ್ಳುತ್ತದೆ. ಒಮ್ಮೆ ಹಾಗಾದರೆ ಮೂಲ ಹೆಸರನ್ನು ಮರಳಿ ಪಡೆಯುವ ದಾರಿಯಿಲ್ಲ.

ಹೊಸ ಕಾಲಂ ಬೇಕು, ಅದು ಯೂನಿಕೋಡ್ ಆಗಿರಬೇಕು: ಯುಟಿಎಫ್-16ಕ್ಕೆ ಸಿಸಿಎಸ್‌ಐಡಿ 1200, ಯುಟಿಎಫ್-8ಕ್ಕೆ 1208. ಉದ್ದದ ಲೆಕ್ಕದಲ್ಲಿ ಕೈಬಿಗಿ ಮಾಡಬೇಡಿ. 'ಶ್ರೀಕೃಷ್ಣ' ಎಂಬ ಹೆಸರು ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ, ಹಲಂತದ ಚಿಹ್ನೆ ಎಲ್ಲ ಬಿಡಿಸಿದರೆ ಒಂಬತ್ತು ಸಂಕೇತಗಳು. ಯುಟಿಎಫ್-16ರಲ್ಲಿ 18 ಬೈಟ್, ಯುಟಿಎಫ್-8ರಲ್ಲಿ 27 ಬೈಟ್. ಮೂವತ್ತು ಬೈಟಿನ ಕಾಲಂನಲ್ಲಿ ಶ್ರೀಕೃಷ್ಣ ಹಿಡಿಸಿದರೂ ಅವರ ಮನೆಹೆಸರು ಹೊರಗುಳಿಯುತ್ತದೆ.

ಇನ್ನೂ ಎರಡು ತೊಡಕುಗಳಿವೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳು ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳು. ಮೊದಲು ಪರಿವರ್ತಿಸಿ, ನಂತರ ಸರ್ವರಿಗೆ ಕಳುಹಿಸಿ. ಮಲಯಾಳದಲ್ಲಿ ಚಿಲ್ಲಕ್ಷರಗಳ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ) ಸಮಸ್ಯೆ ಇದೆ: 2008ರಲ್ಲಿ ಯೂನಿಕೋಡ್ 5.1 ಅವುಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿತು. ಅದಕ್ಕಿಂತ ಹಿಂದಿನ ವಿಧಾನದಲ್ಲಿ ಟೈಪ್ ಮಾಡಿದ ಹೆಸರೂ ಈಗಿನದೂ ನೋಡಲು ಒಂದೇ, ಹೋಲಿಸಿದರೆ ಬೇರೆ ಬೇರೆ. ಹೀಗಾಗಿ ಹೆಸರನ್ನು ಹುಡುಕಾಟದ ಕೀಲಿಯಾಗಿ ಎಂದೂ ಬಳಸಬೇಡಿ. ಸದಸ್ಯ ಸಂಖ್ಯೆ ಇದೆಯಲ್ಲ, ಅದೇ ಕೀಲಿ. ಊರಿಗೂ ಇದೇ ಮಾತು: ಒಬ್ಬ ಗುಮಾಸ್ತರು ಮಂಜೇಶ್ವರ ಎನ್ನುತ್ತಾರೆ, ಇನ್ನೊಬ್ಬರು ಮಂಜೇಶ್ವರಂ, ಒಬ್ಬರಿಗೆ ಕುಂಬಳೆ, ಮತ್ತೊಬ್ಬರಿಗೆ ಕುಂಬಳ. ಊರಿಗೊಂದು ಸಂಖ್ಯೆ ಕೊಟ್ಟು, ಹೆಸರುಗಳನ್ನು ಬೇರೆ ಟೇಬಲ್‌ನಲ್ಲಿ ಮೂರು ಭಾಷೆಗಳಲ್ಲಿಯೂ ಇಟ್ಟರೆ ಜಗಳವಿಲ್ಲ.

ದಿನಾಂಕದ ಕಾಲಂನಲ್ಲಿ 1240615 ಎಂದಿದೆ. ಇದು ಯಾವ ದಿನ?

2024ರ ಜೂನ್ 15. ಮೊದಲ ಅಂಕಿ ಶತಮಾನ: 0 ಇದ್ದರೆ 1900ರ ಸಾಲು, 1 ಇದ್ದರೆ 2000ದ ಸಾಲು. ಇಡೀ ಸಂಖ್ಯೆಗೆ 19000000 ಕೂಡಿಸಿದರೆ 20240615 ಸಿಗುತ್ತದೆ. ಅಲ್ಲಿಂದ ದಿನಾಂಕವಾಗಿಸುವುದು ಸುಲಭ. ಆದರೆ ಕ್ವೆರಿಯ ಷರತ್ತಿನಲ್ಲಿ ಈ ಪರಿವರ್ತನೆ ಮಾಡಬೇಡಿ. 2024-25ರ ಲೆಕ್ಕ ಬೇಕಿದ್ದರೆ ಕಾಲಂ 1240401ರಿಂದ 1250331ರ ನಡುವೆ ಎಂದು ಸಂಖ್ಯೆಯಲ್ಲಿಯೇ ಕೇಳಿ. ಕಾಲಂ ಮೇಲೆ ಲೆಕ್ಕ ಮಾಡಿಸಿದರೆ ಸರ್ವರು ಇಂಡೆಕ್ಸನ್ನು (ಸಾಲುಗಳನ್ನು ಬೇಗ ಹುಡುಕುವ ಸೂಚಿಯನ್ನು) ಬದಿಗಿಟ್ಟು ಇಡೀ ಫೈಲನ್ನು ಓದುತ್ತಾ ಕೂರುವ ಸಂಭವ ಹೆಚ್ಚು.

ಒಂದೇ ತಿಂಗಳ ಮಾಹಿತಿ ಬರುತ್ತದೆ, ಉಳಿದ ಹನ್ನೊಂದು ತಿಂಗಳುಗಳದು ಎಲ್ಲಿ?

ಫೈಲ್ ಒಂದೇ ಆದರೂ ಒಳಗೆ ತಿಂಗಳಿಗೊಂದು 'ಮೆಂಬರ್' (ಫೈಲಿನ ಒಂದು ಭಾಗ) ಇದೆ. ಎಸ್‌ಕ್ಯೂಎಲ್‌ಗೆ ಕಾಣುವುದು ಮೊದಲನೆಯದು ಮಾತ್ರ. ಬೇಕಾದ ಮೆಂಬರಿಗೆ 'ಕ್ರಿಯೇಟ್ ಏಲಿಯಾಸ್' ಮೂಲಕ ಒಂದು ಹೆಸರು ಮಾಡಿಕೊಂಡರೆ ಅದನ್ನು ಟೇಬಲ್‌ನಂತೆ ಓದಬಹುದು.

ಕ್ವೆರಿ ಮುಗಿಯುವುದೇ ಇಲ್ಲ.

ಆ್ಯಕ್ಸೆಸ್ ಬಳಸುವವರು ಮೊದಲು ತಮ್ಮ ಕಡೆ ನೋಡಿಕೊಳ್ಳಿ. ಸರ್ವರಿನ ಟೇಬಲ್ ಒಂದನ್ನೂ ನಿಮ್ಮ ಕಂಪ್ಯೂಟರಿನ ಟೇಬಲ್ ಒಂದನ್ನೂ ಕೂಡಿಸಿ ಕ್ವೆರಿ ಬರೆದರೆ, ಕೂಡಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಲಕ್ಷಗಟ್ಟಲೆ ಸಾಲುಗಳು ಪೆರ್ಲದವರೆಗೆ ಹರಿದು ಬಂದು, ಅಲ್ಲಿ ಸೋಸಿ, ಹತ್ತು ಸಾಲು ತೋರಿಸುತ್ತದೆ. 'ಪಾಸ್-ಥ್ರೂ' ಕ್ವೆರಿ ಬರೆಯಿರಿ. ಆಗ ಇಡೀ ಎಸ್‌ಕ್ಯೂಎಲ್ ಸರ್ವರಿಗೆ ಹೋಗಿ ಉತ್ತರ ಮಾತ್ರ ಬರುತ್ತದೆ. ಎಕ್ಸೆಲ್‌ನಲ್ಲಿ ಒಂದು ಹಾಳೆಗೆ 10,48,576 ಸಾಲು ಹಿಡಿಯುತ್ತದೆ ಎಂಬುದು ಅಷ್ಟನ್ನೂ ತುಂಬಿಸಲು ಕಾರಣವಲ್ಲ. ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂದು ಅಡಿಕೆಯ ದರ್ಜೆವಾರು ತಿಂಗಳ ಮೊತ್ತ ಬೇಕಿದ್ದರೆ ಮೊತ್ತವನ್ನೇ ಸರ್ವರಿನಲ್ಲಿ ಮಾಡಿಸಿ ತರಿಸಿಕೊಳ್ಳಿ.

ಇಷ್ಟಾದರೂ ನಿಧಾನವಿದ್ದರೆ ಇಂಡೆಕ್ಸ್ ಬೇಕಿರಬಹುದು. ಆ್ಯಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್‌ನ 'ವಿಶುವಲ್ ಎಕ್ಸ್‌ಪ್ಲೇನ್' ಕ್ವೆರಿ ನಡೆದ ದಾರಿಯನ್ನು ಚಿತ್ರವಾಗಿ ತೋರಿಸುತ್ತದೆ, ಯಾವ ಇಂಡೆಕ್ಸ್ ಇದ್ದರೆ ಒಳ್ಳೆಯದಿತ್ತು ಎಂದೂ ಹೇಳುತ್ತದೆ.

ಡಿಪೋದಲ್ಲಿ ಹಾಳೆ ತೆರೆದಿಟ್ಟರೆ ಮಂಗಳೂರಿನಲ್ಲಿ ದಿನದ ಮುಕ್ತಾಯ ನಿಲ್ಲುತ್ತದಂತೆ. ನಿಜವೇ?

ನಿಜ, ಮತ್ತು ಬೈಗುಳ ತಿನ್ನುವವರು ಯಾವಾಗಲೂ ಡಿಪೋದವರೇ. ಓದುವ ಕ್ವೆರಿ ಸಾಮಾನ್ಯವಾಗಿ ಸಾಲುಗಳಿಗೆ ಬೀಗ ಹಾಕುವುದಿಲ್ಲ, ಆದರೆ ಫೈಲನ್ನು ಹಂಚಿಕೊಂಡು ಹಿಡಿದಿರುತ್ತದೆ. ದಿನದ ಮುಕ್ತಾಯದ ಪ್ರೋಗ್ರಾಮು ಆ ಫೈಲನ್ನು ಖಾಲಿ ಮಾಡಲು ಹೊರಟರೆ ಅದಕ್ಕೆ ಫೈಲ್ ಸಂಪೂರ್ಣವಾಗಿ ತನ್ನದೇ ಆಗಬೇಕು, ಸಿಗುವುದಿಲ್ಲ, ನಿಲ್ಲುತ್ತದೆ. ನೀವು ಕ್ವೆರಿ ಮುಚ್ಚಿದ ಮೇಲೂ ಸರ್ವರು ಮುಂದಿನ ಸಲ ಬೇಗ ತೆರೆಯಲೆಂದು ಕರ್ಸರನ್ನು, ಅಂದರೆ ಕ್ವೆರಿ ಸಾಲುಗಳನ್ನು ಓದಲು ಹಿಡಿದಿದ್ದ ಹಿಡಿಯನ್ನು, ಅರೆಮುಚ್ಚಿದ ಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತದೆ. ಹಿಡಿತ ಹಾಗೆಯೇ ಉಳಿಯುತ್ತದೆ. ಎಕ್ಸೆಲನ್ನೇ ಮುಚ್ಚಿದರೆ ಬಿಡುಗಡೆ. ಆದರೆ ಇದನ್ನು ಎಲ್ಲ ಡಿಪೋಗಳ ಶಿಸ್ತಿಗೆ ಬಿಡುವುದು ಜಾಣತನವಲ್ಲ. ಮುಕ್ತಾಯದ ಪ್ರೋಗ್ರಾಮಿನ ಮೊದಲಲ್ಲಿ 'ಅಲೊಕೇಟ್ ಆಬ್ಜೆಕ್ಟ್' ಕಮಾಂಡಿಗೆ 'ಕಾನ್‌ಫ್ಲಿಕ್ಟ್' ಆಯ್ಕೆ ಕೊಟ್ಟರೆ, ಅರೆಮುಚ್ಚಿದ ಕರ್ಸರುಗಳನ್ನು ಬಿಡುವಂತೆ ಅದೇ ಕೇಳಿಕೊಳ್ಳುತ್ತದೆ. ಮಂಗಳೂರಿನವರು ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ.

ಮಳೆಗಾಲದಲ್ಲಿ ಸಂಪರ್ಕ ಕಡಿದರೆ ಏನಾಗುತ್ತದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಬಲ್ ಮೇಲೆ ಮಡಲು ಬೀಳದ ವಾರ ಇರುವುದಿಲ್ಲ. ನಿಮ್ಮ ಕಡೆ ಎಕ್ಸೆಲ್ ದೋಷ ತೋರಿಸಿ ಸುಮ್ಮನಾಗುತ್ತದೆ. ಸರ್ವರಿಗೆ ಮಾತ್ರ ನೀವು ಹೋದದ್ದು ಗೊತ್ತಾಗುವುದಿಲ್ಲ. ನಿಮ್ಮ ಜಾಬ್ ಬೀಗಗಳ ಸಮೇತ ಕಾಯುತ್ತಲೇ ಇರುತ್ತದೆ. ಸಂಪರ್ಕ ಜೀವಂತವಿದೆಯೇ ಎಂದು ಪರೀಕ್ಷಿಸುವ ಅವಧಿ ಈ ಯಂತ್ರದಲ್ಲಿ ಸಾಮಾನ್ಯವಾಗಿ 120 ನಿಮಿಷಕ್ಕೆ ಇಟ್ಟಿರುತ್ತದೆ. ಅಂದರೆ ಎರಡು ಗಂಟೆ. ಡಿಪೋಗಳು ಇಂಥ ಕಡೆ ಇರುವ ಸಂಸ್ಥೆಗಳು ಅದನ್ನು ಹತ್ತು ಹದಿನೈದು ನಿಮಿಷಕ್ಕೆ ಇಳಿಸಿಕೊಳ್ಳಬೇಕು.

ಎಕ್ಸೆಲ್‌ನಿಂದ, ಆ್ಯಕ್ಸೆಸ್‌ನಿಂದ ನೇರವಾಗಿ ಫೈಲಿಗೆ ಬರೆಯಬಹುದೇ?

ಆಗುತ್ತದೆ. ಮಾಡಬೇಡಿ.

ಕಾರಣ ಹೇಳುತ್ತೇನೆ. ಹಸಿರು ಪರದೆಯಲ್ಲಿ ಗುಮಾಸ್ತರು ಒಂದು ಖರೀದಿ ನಮೂದಿಸಿದಾಗ ಆರ್‌ಪಿಜಿ ಪ್ರೋಗ್ರಾಮು ಎಷ್ಟೋ ಕೆಲಸ ಮಾಡುತ್ತದೆ. ಸದಸ್ಯ ಸಂಖ್ಯೆ ನಿಜವೇ, ಚೀಲದ ತೂಕ ಕಳೆದಿದೆಯೇ, ಆ ದಿನದ ದರ ಆ ದರ್ಜೆಗೆ ಹೊಂದುತ್ತದೆಯೇ ಎಂದು ನೋಡುತ್ತದೆ. ಆಮೇಲೆ ಖರೀದಿ ಫೈಲಿಗೆ ಒಂದು ಸಾಲು, ದಾಸ್ತಾನಿಗೆ ಒಂದು, ಸದಸ್ಯರ ಖಾತೆಗೆ ಒಂದು ಸಾಲು ಬರೆಯುತ್ತದೆ. ಈ ನಿಯಮಗಳಲ್ಲಿ ಹೆಚ್ಚಿನವು ಡೇಟಾಬೇಸಿನಲ್ಲಿಲ್ಲ, ಪ್ರೋಗ್ರಾಮಿನೊಳಗೇ ಇವೆ. ಹಳೆಯ ಎಎಸ್/400 ವ್ಯವಸ್ಥೆಗಳನ್ನು ಬರೆಯುತ್ತಿದ್ದುದೇ ಹಾಗೆ. ನೀವು ಆ್ಯಕ್ಸೆಸ್‌ನಿಂದ ಖರೀದಿ ಫೈಲಿಗೆ ಮಾತ್ರ ಒಂದು ಸಾಲು ಸೇರಿಸಿದರೆ ಡೇಟಾಬೇಸ್ ತಕರಾರಿಲ್ಲದೆ ಒಪ್ಪುತ್ತದೆ. ದಾಸ್ತಾನು ಬದಲಾಗುವುದಿಲ್ಲ, ಖಾತೆ ಬದಲಾಗುವುದಿಲ್ಲ. ತಾಳೆ ನೋಡುವಾಗ ಮಾರ್ಚ್ ತಿಂಗಳಲ್ಲಿ ಇದು ಹೊರಬೀಳುತ್ತದೆ, ಆಗ ಯಾರು ಯಾವಾಗ ಬರೆದರೆಂದು ಯಾರಿಗೂ ನೆನಪಿರುವುದಿಲ್ಲ.

"ಎಸ್‌ಕ್ಯೂಎಲ್ 7008" ದೋಷ ಬಂದು ಬರೆಯಲು ಆಗಲಿಲ್ಲ ಎಂದು ಕೆಲವರು ಸಹಾಯ ಕೇಳುತ್ತಾರೆ. ವ್ಯವಹಾರ ನಿಯಂತ್ರಣದಡಿ, ಅಂದರೆ ಅರ್ಧದಲ್ಲಿ ನಿಂತರೆ ಹಿಂದಕ್ಕೆ ತಿರುಗಿಸುವ ಭರವಸೆಯೊಂದಿಗೆ ಬರೆಯಲು ಹೊರಟಿದ್ದೀರಿ, ಆದರೆ ಆ ಫೈಲಿಗೆ ಜರ್ನಲ್ (ಆದ ಬದಲಾವಣೆಗಳ ದಾಖಲೆ) ಇಲ್ಲ ಎಂದು ಅದರ ಅರ್ಥ. ಜರ್ನಲ್ ಇಲ್ಲದೆ ಹಿಂದಕ್ಕೆ ತಿರುಗಿಸುವುದು ಸಾಧ್ಯವಿಲ್ಲ. ನಿಯಂತ್ರಣವನ್ನು ಆರಿಸಿಬಿಟ್ಟರೆ ದೋಷ ಮಾಯವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದೋಷದ ಜತೆ ಭರವಸೆಯೂ ಮಾಯವಾಗುತ್ತದೆ. ಜರ್ನಲ್ ಹಾಕಿಸಿಕೊಳ್ಳುವುದೇ ಸರಿಯಾದ ದಾರಿ.

ಡೇಟಾ ಸೋರ್ಸಿನಲ್ಲಿ ಜೋಡಣೆಯ ಬಗೆ ಎಂಬುದೊಂದು ಆಯ್ಕೆ ಇದೆ: ಓದು-ಬರಹ, ಓದು ಮತ್ತು ಕರೆ, ಓದು ಮಾತ್ರ. ಡಿಪೋಗಳಿಗೆಲ್ಲ ನಡುವಿನದನ್ನು ಕೊಡಿ.

ಹಾಗಾದರೆ ಬರೆಯುವುದು ಹೇಗೆ? ಪ್ರೋಗ್ರಾಮನ್ನು ಕರೆಯುವುದು ಎಂದರೇನು?

ಈಗಾಗಲೇ ಇರುವ ಆರ್‌ಪಿಜಿ ಪ್ರೋಗ್ರಾಮನ್ನು ಎಸ್‌ಕ್ಯೂಎಲ್‌ಗೆ ಪರಿಚಯಿಸಿದರೆ ಸಾಕು. 'ಕ್ರಿಯೇಟ್ ಪ್ರೊಸೀಜರ್' ಹೇಳಿಕೆಯಲ್ಲಿ ಪ್ರೋಗ್ರಾಮಿನ ಹೆಸರು, ಅದು ತೆಗೆದುಕೊಳ್ಳುವ ಮತ್ತು ಹಿಂದಿರುಗಿಸುವ ಮೌಲ್ಯಗಳ ಬಗೆ ಮತ್ತು ಉದ್ದ ಇಷ್ಟನ್ನು ಒಮ್ಮೆ ಬರೆದಿಟ್ಟರೆ, ಆಮೇಲೆ ಎಕ್ಸೆಲ್‌ನ ಮ್ಯಾಕ್ರೋದಿಂದಲೋ ಡಾಟ್‌ನೆಟ್‌ನಿಂದಲೋ 'ಕಾಲ್' ಎಂದರೆ ಅದೇ ಹಳೆಯ ಪ್ರೋಗ್ರಾಮು ಓಡುತ್ತದೆ. ಸದಸ್ಯ ಸಂಖ್ಯೆ, ದರ್ಜೆ, ತೂಕ ಕೊಡಿ. ರಶೀದಿ ಸಂಖ್ಯೆಯೋ ದೋಷದ ಸಂಕೇತವೋ ಹಿಂದಿರುಗುತ್ತದೆ. ನಿಯಮ ಒಂದೇ ಕಡೆ ಉಳಿಯುತ್ತದೆ, ಪರದೆ ನಿಮಗೆ ಬೇಕಾದ ಹಾಗೆ, ಬೇಕಾದ ಭಾಷೆಯಲ್ಲಿ.

ಎಡವುವ ಜಾಗಗಳು ಇವು. ತೂಕವನ್ನು ಪ್ರೋಗ್ರಾಮು ಒಂಬತ್ತು ಅಂಕಿಯ, ಅದರಲ್ಲಿ ಮೂರು ದಶಮಾಂಶದ ಪ್ಯಾಕ್ಡ್ ಸಂಖ್ಯೆಯಾಗಿ ನಿರೀಕ್ಷಿಸುತ್ತಿದ್ದು, ನೀವು ಪ್ರೊಸೀಜರಿನಲ್ಲಿ ಏಳು ಅಂಕಿ ಎಂದು ಬರೆದಿದ್ದರೆ 'ದಶಮಾಂಶ ದತ್ತಾಂಶ ದೋಷ' ಬರುತ್ತದೆ. ಅದೃಷ್ಟ ಕೆಟ್ಟರೆ ದೋಷವೇ ಬಾರದೆ ತಪ್ಪು ತೂಕ ಹೋಗುತ್ತದೆ. ಉದ್ದಗಳನ್ನು ಮೂಲ ಪ್ರೋಗ್ರಾಮಿನಿಂದ ನೋಡಿಯೇ ಬರೆಯಬೇಕು. ಎರಡನೆಯದು ಲೈಬ್ರರಿ ಪಟ್ಟಿ: ಪ್ರೋಗ್ರಾಮು ಸಿಕ್ಕಿತು, ಆದರೆ ಅದು ತೆರೆಯುವ ಫೈಲುಗಳು ಪಟ್ಟಿಯಲ್ಲಿ ಇಲ್ಲ. ಮೂರನೆಯದು, ಮುಗಿದ ಮೇಲೂ ಪ್ರೋಗ್ರಾಮು ನೆನಪಿನಲ್ಲಿ ಉಳಿಯುವುದು. 'ಎಲ್‌ಆರ್' ಸೂಚಕ ಹಾಕದೆ ಹಿಂದಿರುಗುವ ಆರ್‌ಪಿಜಿ ಪ್ರೋಗ್ರಾಮಿನ ಚರಗಳು ಮುಂದಿನ ಕರೆಗೂ ಹಾಗೆಯೇ ಇರುತ್ತವೆ. ಮೊದಲ ಬೆಳೆಗಾರರ ಉಳಿಕೆ ಎರಡನೆಯವರ ರಶೀದಿಯಲ್ಲಿ ಕಾಣಿಸಿಕೊಂಡರೆ ಇದನ್ನೇ ಅನುಮಾನಿಸಿ.

ಎಲ್ಲಕ್ಕಿಂತ ದೊಡ್ಡದು ಪರದೆ. ನಿಮ್ಮ ಜಾಬಿಗೆ ಹಸಿರು ಪರದೆ ಇಲ್ಲ. ಪರದೆ ತೆರೆಯುವ ಪ್ರೋಗ್ರಾಮನ್ನು ಕರೆದರೆ ಅದು ಅಲ್ಲೇ ಬೀಳುತ್ತದೆ. "ಮುಂದುವರಿಯಲೇ, ನಿಲ್ಲಿಸಲೇ?" ಎಂದು ಸಂದೇಶ ಕಳುಹಿಸುವ ಪ್ರೋಗ್ರಾಮಾದರೆ ಸರ್ವರಿನ ಆಪರೇಟರ್ ಉತ್ತರಿಸುವವರೆಗೆ ಕಾಯುತ್ತದೆ, ಎಕ್ಸೆಲ್ ಹೆಪ್ಪುಗಟ್ಟಿದಂತೆ ಕಾಣುವುದು ಆಗಲೇ. ಸಕ್ರಿಯ ಜಾಬುಗಳ ಪಟ್ಟಿಯಲ್ಲಿ ಅದರ ಸ್ಥಿತಿ 'ಎಂಎಸ್‌ಜಿಡಬ್ಲ್ಯೂ' ಎಂದಿರುತ್ತದೆ. ಆದ್ದರಿಂದ ಲೆಕ್ಕಾಚಾರದ ಭಾಗವನ್ನು ಪರದೆಯ ಭಾಗದಿಂದ ಬೇರ್ಪಡಿಸಿಕೊಡಲು ನಿಮ್ಮ ಆರ್‌ಪಿಜಿ ಬರೆಯುವವರನ್ನು ಕೇಳಿ. ಈ ಬೇರ್ಪಡಿಸುವಿಕೆಗೆ ಖರ್ಚಾಗುವ ದಿನಗಳು ಹೊಸ ಸಾಫ್ಟ್‌ವೇರ್ ಕೊಳ್ಳುವುದಕ್ಕಿಂತ ಅಗ್ಗ.

ತೂಕದ ಯಂತ್ರವನ್ನೂ ಜೋಡಿಸಬಹುದೇ?

ತೂಕ ಓದುವ ಸಣ್ಣ ಪ್ರೋಗ್ರಾಮು ಡಿಪೋದ ಕಂಪ್ಯೂಟರಿನಲ್ಲಿರಲಿ. ಅದು ಪ್ರತಿ ತೂಕವನ್ನು ಸರ್ವರಿನ ಡೇಟಾ ಕ್ಯೂಗೆ ಹಾಕಲಿ. ಅತ್ತ ಒಂದು ಆರ್‌ಪಿಜಿ ಪ್ರೋಗ್ರಾಮು ಕ್ಯೂ ಮುಂದೆ ಕಾದು ಕುಳಿತು ಒಂದೊಂದನ್ನೇ ತೆಗೆದುಕೊಳ್ಳಲಿ. ಕೊಯ್ಲಿನ ದಿನಗಳಲ್ಲಿ ಜೀಪುಗಳು ಸಾಲುಗಟ್ಟಿದಾಗ ಇತ್ತ ತೂಗುವವರು ಅತ್ತ ಬರೆಯುವುದಕ್ಕೆ ಕಾಯಬೇಕಾಗಿಲ್ಲ. ಸಂಪರ್ಕ ಕಡಿದ ಹೊತ್ತಿಗೆ ಕಂಪ್ಯೂಟರಿನಲ್ಲಿಯೇ ತೂಕಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳಿ, ಕ್ಯೂ ಅದನ್ನು ಮಾಡಿಕೊಡುವುದಿಲ್ಲ.

ನಮ್ಮವರಿಗೆ ಮೆನುವಿನಲ್ಲಿ ನಾಲ್ಕೇ ಆಯ್ಕೆ ಕೊಟ್ಟಿದ್ದೇವೆ. ಭದ್ರತೆಗೆ ಅಷ್ಟು ಸಾಲದೇ?

ತೋಟಕ್ಕೆ ಗೇಟು ಹಾಕಿ ಬೇಲಿ ಹಾಕದೆ ಬಿಟ್ಟ ಹಾಗೆ ಇದು. ಮೆನು ತಡೆಯುವುದು ಹಸಿರು ಪರದೆಯ ದಾರಿಯನ್ನು ಮಾತ್ರ. ಓಡಿಬಿಸಿ ಮೆನುವನ್ನು ಕಾಣುವುದೇ ಇಲ್ಲ. ಅದು ಕೇಳುವುದು ಈ ಬಳಕೆದಾರರಿಗೆ ಆ ಫೈಲಿನ ಮೇಲೆ ಅಧಿಕಾರ ಇದೆಯೇ ಎಂಬುದನ್ನು. ಹೊಸ ಫೈಲ್ ಮಾಡುವಾಗ ಯಾರೂ ಏನೂ ಹೇಳದಿದ್ದರೆ ಸರ್ವರು ಸಾರ್ವಜನಿಕರಿಗೆ, ಅಂದರೆ ಪ್ರೊಫೈಲ್ ಇರುವ ಪ್ರತಿಯೊಬ್ಬರಿಗೂ, 'ಚೇಂಜ್' ಅಧಿಕಾರ ಕೊಡುತ್ತದೆ. ಓದಬಹುದು, ತಿದ್ದಬಹುದು, ಅಳಿಸಬಹುದು. ಸಂಬಳದ ಫೈಲೂ ಹಾಗೆಯೇ ಇದ್ದರೆ, ಎಕ್ಸೆಲ್ ಬಲ್ಲ ಯಾರಿಗಾದರೂ ಅದು ತೆರೆದಿದೆ.

ಸಾರ್ವಜನಿಕ ಅಧಿಕಾರವನ್ನು ತೆಗೆದು, ಗುಂಪುಗಳಿಗೆ ಬೇಕಾದಷ್ಟು ಕೊಡಬೇಕು. ಡಿಪೋಗಳಿಗೆ ಮೂಲ ಫೈಲಿನ ಬದಲು ಅವರ ಡಿಪೋದ ಸಾಲುಗಳಷ್ಟೇ ಇರುವ ವ್ಯೂ ಕೊಡಬಹುದು. ಐಬಿಎಂ ಐ 7.2ರಿಂದ ಸಾಲು ಮತ್ತು ಕಾಲಂ ಮಟ್ಟದಲ್ಲಿಯೇ ಪ್ರವೇಶ ನಿಯಂತ್ರಿಸುವ ಸೌಲಭ್ಯವೂ ಇದೆ. ಓಡಿಬಿಸಿ ಬಾಗಿಲನ್ನೇ ಕೆಲವರಿಗೆ ಮುಚ್ಚಬೇಕಿದ್ದರೆ 'ಫಂಕ್ಷನ್ ಯೂಸೇಜ್' ವ್ಯವಸ್ಥೆಯಲ್ಲಿ ಅದಕ್ಕೊಂದು ನಮೂದು ಇದೆ. ಹಿಂದೆ ಹೇಳಿದ 'ಓದು ಮತ್ತು ಕರೆ' ಆಯ್ಕೆ ಕೈತಪ್ಪನ್ನು ತಡೆಯುತ್ತದೆ, ಕೈಚಳಕವನ್ನಲ್ಲ. ಅದು ಬಳಕೆದಾರರ ಕಂಪ್ಯೂಟರಿನಲ್ಲಿರುವುದರಿಂದ ಅವರೇ ಬದಲಿಸಬಹುದು.

ಯಾರು ಜೋಡಿಸಿಕೊಂಡಿದ್ದಾರೆಂದು ನೋಡಿದರೆ ಎಲ್ಲ ಜಾಬುಗಳೂ 'ಕ್ಯೂಯೂಸರ್' ಹೆಸರಿನಲ್ಲಿವೆ. ಇವರು ಯಾರು?

ಸರ್ವರಿನದೇ ಪ್ರೊಫೈಲ್. ಮೊದಲೇ ಎದ್ದಿರುವ ಜಾಬುಗಳು ಆ ಹೆಸರಿನಲ್ಲಿ ಏಳುತ್ತವೆ. ನೀವು ಬಂದ ಮೇಲೆ ಒಳಗಿನ ಗುರುತು ಮಾತ್ರ ನಿಮ್ಮದಾಗುತ್ತದೆ, ಜಾಬಿನ ಹೆಸರು ಬದಲಾಗುವುದಿಲ್ಲ. ಸಕ್ರಿಯ ಜಾಬುಗಳ ಪಟ್ಟಿಯಲ್ಲಿ 'ಈಗಿನ ಬಳಕೆದಾರ' ಕಾಲಂ ನೋಡಿ. ಜಾಬ್ ಲಾಗ್‌ನಲ್ಲಿ ಯಾರು, ಯಾವ ವಿಳಾಸದಿಂದ ಬಂದರು ಎಂಬ ಸಂದೇಶವೂ ಇರುತ್ತದೆ. ಒಬ್ಬರ ಜಾಬ್ ಬೇಗ ಹುಡುಕಬೇಕಿದ್ದರೆ ಅವರ ಪ್ರೊಫೈಲ್ ಮೇಲಿರುವ ಬೀಗಗಳನ್ನು 'ವರ್ಕ್ ವಿತ್ ಆಬ್ಜೆಕ್ಟ್ ಲಾಕ್ಸ್' ಕಮಾಂಡಿನಿಂದ ನೋಡುವುದು ಹಳಬರ ಉಪಾಯ.

ವಿಂಡೋಸ್ ಇಲ್ಲದೆ ಆಗುತ್ತದೆಯೇ?

ಆಗುತ್ತದೆ. ಕೇರಳದ ಶಾಲೆಗಳಲ್ಲಿ ಲಿನಕ್ಸ್‌ನಲ್ಲಿಯೇ ಕಂಪ್ಯೂಟರ್ ಕಲಿತು ಬಂದ ಹುಡುಗರು, ಹುಡುಗಿಯರು ಈಗ ಡಿಪೋಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗೆ ಲಿಬ್ರೆಆಫೀಸ್ ಹೊಸದಲ್ಲ. ಲಿನಕ್ಸ್‌ಗೂ ಐಬಿಎಂನ ಓಡಿಬಿಸಿ ಡ್ರೈವರ್ ಇದೆ, ಪೈಥಾನ್‌ನಿಂದ ಅದನ್ನೇ ಬಳಸಬಹುದು. ಜಾವಾ ಬಲ್ಲವರಿಗೆ ಜೆಟಿಓಪನ್ ಎಂಬ ಮುಕ್ತ ತಂತ್ರಾಂಶವಿದೆ: ಒಂದೇ ಜಾರ್ ಫೈಲಿನಲ್ಲಿ ಜೆಡಿಬಿಸಿ ಡ್ರೈವರ್ (ಜಾವಾದವರ ಓಡಿಬಿಸಿ), ಪ್ರೋಗ್ರಾಮು ಕರೆ, ಡೇಟಾ ಕ್ಯೂ ಎಲ್ಲವೂ ಸಿಗುತ್ತವೆ. ಲಿಬ್ರೆಆಫೀಸ್ ಬೇಸ್‌ಗೆ ಆ ಜಾರ್ ಫೈಲ್ ಎಲ್ಲಿದೆ ಎಂದು ತೋರಿಸಿ, ಮರುಚಾಲನೆ ಮಾಡಿದರೆ ಟೇಬಲ್‌ಗಳು ಕಾಣುತ್ತವೆ. ಪೋರ್ಟ್, ಲೈಬ್ರರಿ, ಅಧಿಕಾರಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ. 32-64ರ ರಗಳೆಯೊಂದು ಮಾತ್ರ ಜಾವಾದವರಿಗಿಲ್ಲ.